ದೋಸ್ತಗ ಒಂದು ಪತ್ರ: ಎತ್ತು ಕಟ್ಟೋ ಅಂಕಣದಾಗ ನನ್ನ ಕ್ವಾಣಿ

ದೋಸ್ತ,

ನಿನ್ನ ಮೆಸೇಜ್ ಓದಿದೆ. ಫೋನಿನ್ಯಾಗ ಮುಗಿಯೋ ಮಾತಲ್ಲ ಇದು, ಅದಕ್ಕ ಕುಂತು ಬರ್ಯಾಕತ್ತೀನಿ, ನಮ್ಮಂಥ ಇನ್ನೊಬ್ಬರಿಗೂ ಉಪಯೋಗ ಆದೀತು ಅಂತ ಎಲ್ಲಾರೂ ಓದೋಹಂಗ ಹಾಕ್ತೀನಿ. ಮನಿ ಬಿಟ್ಟು ರಾಯಚೂರಿಗೆ ಬಾ, ನಮ್ಮ ಓಣ್ಯಾಗ ಗ್ರೌಂಡ್ ಫ್ಲೋರ್ ನೋಡೋಣ, ಆ ಮಣ್ಣಿನ ಮನ್ಯಾಗ ಇನ್ನೆಷ್ಟು ದಿನ ಏರಿ ಇಳೀತಿ ಅಂದಿ. ನಿನ್ನ ಕಾಳಜಿ ಗೊತ್ತೈತಿ ನಂಗ. ಆದ್ರ ನಾ ಬರಂಗಿಲ್ಲ ದೋಸ್ತ, ಮನಿ ಕೆಡವಂಗೂ ಇಲ್ಲ. ಮನ್ಯಾಗ ನಾ ಇರೋ ಜಾಗ ಬದಲಿ ಮಾಡಾಕತ್ತೀನಿ.

ನಮ್ಮ ಪೋಲಿಯೋ ಕಾಲಿನ ಮಾತು ಮೊದಲು ಮುಗಸ್ತೀನಿ. ನಾವಿಬ್ಬರೂ ಹುಟ್ಟಿದ್ದು ಪಲ್ಸ್ ಪೋಲಿಯೋ ಬರೋಕಿಂತ ಎಷ್ಟೋ ಮುಂಚೆ, ಅದು ಶುರುವಾಗಿದ್ದ 1995ಕ್ಕ, ದೇಶದಾಗ ಪೋಲಿಯೋದ ಕೊನೇ ಕೇಸ್ ಬಂದಿದ್ದು 2011ರಾಗ, 2014ಕ್ಕ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟೂ ಸಿಕ್ತು, ಅದಕ್ಕ ಈಗಿನ ಹೊಸ ಡಾಕ್ಟರ್‌ಗಳು ನಮ್ಮಂಥ ಕಾಲು ನೋಡಿರೋದ ಕಡಿಮಿ. ನಂಗ ಸಿಕ್ಕ ವಯಸ್ಸಾದ ಡಾಕ್ಟರು ಕೂಡಿಸ್ಕೊಂಡು ಬಿಡಿಸಿ ಹೇಳಿದ್ರು. ಸಣ್ಣವರಿದ್ದಾಗ ಜ್ವರ ಬಂದು ಕೆಲವು ನರ ಸತ್ತುಹೋದ್ವು, ಉಳದ ನರಗಳು ಅವುಗಳ ಕೆಲಸಾನೂ ತಾವ ಹೊತಗೊಂಡು ಇಷ್ಟು ವರ್ಷ ನಡಿಸಿದ್ವು, ಮೂವತ್ತು ನಲವತ್ತು ವರ್ಷ ಆದಮ್ಯಾಲೆ ಅವೂ ದಣೀತಾವ, ಇದಕ್ಕ ಪೋಸ್ಟ್ ಪೋಲಿಯೋ ಅಂತಾರ ಅಂತ. ವ್ಯಾಯಾಮ ಮಾಡಿ ಗಟ್ಟಿ ಮಾಡ್ಕೋತೀನಿ ಅಂತ ಮಿತಿ ಮೀರಿ ದುಡಿಸಿದ್ರ ಇನ್ನೂ ಸೋಲ್ತಾವ, ಇದ್ದ ಶಕ್ತಿ ಉಳಿಸಿ ಬಳಸಬೇಕು. ಮೊಣಕಾಲ ಮ್ಯಾಲೆ ಕೈ ಊರಿ ನಡೆದೂ ನಡೆದೂ ನಂದು ಬಲಭುಜನೂ ಹೋಗೈತಿ, ಹಂಗಾಗಿ ಇನ್ನು ಮನಿ ಒಳಗ ಗಾಲಿಕುರ್ಚಿ. ನಿಂಗೂ ಮೆಟ್ಲ ಹತ್ತುವಾಗ ತೊಡಿ ನಡಗ್ತೈತಿ ಅಂದಿದ್ದಿ, ತೋರಿಸ್ಕೋ, ತಡಾ ಮಾಡಬ್ಯಾಡ.

ನಮ್ಮ ಯಲಬುರ್ಗಿ ಕಡಿ ಮನಿ ನೀ ನೋಡೀದಿ, ಹಾಸ್ಟೆಲ್ ಸೂಟಿಗೆ ಬಂದು ಉಂಡು ಮಲಗಿದ ಮನಿ. ತಲಬಾಗಲ ದಾಟಿದ ಕೂಡ್ಲೇ ಎತ್ತು ಕಟ್ಟೋ ಅಂಕಣ, ಅಂದ್ರ ಕಂಬಗಳ ನಡುವಿನ ಜಾಗ, ಮೂಲ್ಯಾಗ ಮೇವು ಹಾಕೋ ಗ್ವಾದ್ಲಿ, ಅದರ ಆಚಿಗೆ ಎತ್ತರಕ್ಕ ಪಡಸಾಲಿ, ಪಡಸಾಲಿಂದ ಅಡಗಿಮನಿ, ದೇವರ ಜಗಲಿ, ಹಿಂದ ಹಿತ್ತಲ. ದನ ಕೆಳಗ, ಮಂದಿ ಮ್ಯಾಲೆ, ಗಂಜಲದ ನೀರು ಮಂದಿ ಕಡಿ ಹರೀಬಾರ್ದು ಅಂತ ಹಿರೇರು ಮಾಡಿದ ಏರ್ಪಾಡು ಅದು, ಈ ಸೀಮ್ಯಾಗ ಹಳೇ ಒಕ್ಕಲುಮನಿ ಭಾಳ ಹಿಂಗ ಅದಾವ. ಕಾಲು ಗಟ್ಟಿ ಇದ್ದೋರಿಗೆ ಪಡಸಾಲಿ ಹತ್ತೋದು ಒಂದು ಹೆಜ್ಜಿ ಮಾತು. ನಂಗ ಅದ ಈಗ ದಿನಾ ಮುಂಜಾನೆ ಸಂಜಿ ಎದುರಿಗೆ ನಿಂತ ಗೋಡಿ ಆಗೈತಿ, ಇಬ್ಬರು ಹಿಡದು ಎತ್ತಬೇಕು, ಎತ್ತೋರ ನಡ ನೋಯ್ತೈತಿ, ನನ್ನ ಮನಸ್ಸೂ ನೋಯ್ತೈತಿ.

ತಮ್ಮ ಕೆಡವಿ ಆರ್‌ಸಿಸಿ ಹಾಕ್ಸೋಣ ಅಂದ. ಅವನು ಪ್ರೀತಿಯಿಂದನ ಅಂದದ್ದು, ಸಾಲ ನಾ ಮಾಡ್ತೀನಿ ಅಂತಾನೂ ಅಂದ. ಆದ್ರ ಏಪ್ರಿಲ್ ಮೇದಾಗ 40 ಡಿಗ್ರಿ ದಾಟೋ ಊರು ನಮ್ದು, ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿ ಹನ್ನೆರಡಾದ್ರೂ ಕೆಳಗ ಶಾಖ ಬಿಡ್ತಾನ ಇರ್ತೈತಿ, ಸೆಕಿ ತಡೀದ ಮಂದಿ ಹೊರಸು ತಗೊಂಡು ಮಾಳಿಗಿ ಹತ್ತತಾರ ಇಲ್ಲಾ ಅಂಗಳಕ್ಕ ಹೋಗ್ತಾರ, ನಾ ಎಲ್ಲಿಗೆ ಹೋಗ್ಲಿ. ಎರಡು ಫೂಟ್ ದಪ್ಪ ಕಲ್ಲು ಮಣ್ಣಿನ ಗೋಡಿ, ಮ್ಯಾಲೆ ಜಂತಿ ಮ್ಯಾಲೆ ಮಣ್ಣು, ಇದರ ತಂಪು ಸಿಮೆಂಟಿನ್ಯಾಗ ಸಿಗಂಗಿಲ್ಲ. ಮಳಿಗಾಲಕ್ಕ ಮೊದಲು ಮಾಳಿಗಿ ಸೋರದಂಗ ಸವಳು ಮಣ್ಣು ಹಾಕ್ಸಬೇಕು ಅನ್ನೋದೊಂದು ಖರ್ಚು ಐತಿ, ಸವಳು ಹಾಕೋ ಆಳೂ ಈಗ ಕಡಿಮಿ ಆಗ್ಯಾರ, ಆದ್ರೂ ಆ ಖರ್ಚು ನಾ ಒಪ್ಪಿನ ಮಾಡ್ತೀನಿ.

ಇನ್ನ ರ‍್ಯಾಂಪ್. ಎಲ್ಲಾರೂ ಹೇಳೋದು ಅದನ್ನ, ಪಡಸಾಲಿಗೆ ಒಂದು ರ‍್ಯಾಂಪ್ ಮಾಡ್ಸಿಬಿಡು ಅಂತ. ಗಾಲಿಕುರ್ಚಿ ತಾನ ನೂಕ್ಕೊಂಡು ಹತ್ತಬೇಕಂದ್ರ ಒಂದು ಇಂಚ್ ಎತ್ತರಕ್ಕ ಹನ್ನೆರಡು ಇಂಚ್ ಉದ್ದ ಬೇಕು, 1:12 ಅಂತಾರ, ಸರ್ಕಾರದ ಕಟ್ಟಡಕ್ಕೂ ಅದ ಲೆಕ್ಕ. ಪಡಸಾಲಿ 26 ಇಂಚ್ ಎತ್ತರ, ಅಂದ್ರ 26 ಫೂಟ್ ಉದ್ದದ ಇಳಿಜಾರು, ಕೆಳಗಿನ ಅಂಕಣದ ಉದ್ದನ 16 ಫೂಟ್. ಗಿಡ್ಡ ಮಾಡಿ ಕಡಿದಾಗಿ ಹಾಕಿದ್ರ ಹಿಂದ ಬಿದ್ದು ತಲಿ ಒಡಕೋತೀನಿ, ಇಲ್ಲಾ ದಿನಾ ಒಬ್ಬರು ನೂಕಬೇಕು. ಭುಜಕ್ಕಂತೂ ಅದು ಆಗದ ಮಾತು. ಎಷ್ಟೋ ಆಫೀಸಿನ ಮುಂದ ಅಂಥ ರ‍್ಯಾಂಪ್ ಅದಾವ ನೋಡು, ಲೆಕ್ಕ ತುಂಬಾಕ ಹಾಕಿದ್ದು, ಹತ್ತೋರ ಯಾರೂ ಹತ್ತಂಗಿಲ್ಲ, ನಂಗ ನೋಡಿದಾಗೆಲ್ಲ ಸಿಟ್ಟು ಬರ್ತೈತಿ.

ಗೌಂಡಿ ಮಾಮ ಬಂದು ಟೇಪ್ ಹಿಡದು ಅಳತಿ ಹಾಕಿದ. ತಲಬಾಗಲ ಅಗಲ ಮೂರೂವರಿ ಫೂಟ್, ಎತ್ತಿನ ಜೋಡಿಗೆ ಮಾಡಿದ್ದು. ಒಳಗಿನ ಬಾಗಲ ಎಲ್ಲಾ ಎರಡು ಫೂಟ್, ಎರಡೂಕಾಲು ಫೂಟ್, ತಲಿ ಬಗ್ಗಿಸಿ ಹೋಗೋವು. ನನ್ನ ಕುರ್ಚಿ ಗಾಲಿ ಸೇರಿ 26 ಇಂಚ್, ಕೈಬೆರಳು ಗ್ವಾಡಿಗೆ ಉಜ್ಜಬಾರ್ದು ಅಂದ್ರ 32 ಇಂಚ್ ಬೇಕ ಬೇಕು, ಮೂರು ಫೂಟ್ ಇದ್ರ ಚಲೋ. ಅಂದ್ರ ಇಡೀ ಮನ್ಯಾಗ ನನ್ನ ಕುರ್ಚಿ ಸರಾಗ ಹೋಗೋ ಬಾಗಲ ಅದೊಂದ, ಅದು ತೆರೆಯೋದು ಎತ್ತಿನ ಅಂಕಣಕ್ಕ. ತಮ್ಮ ಟ್ರ್ಯಾಕ್ಟರ್ ತಂದಮ್ಯಾಲೆ ಎತ್ತು ಮಾರಿದ್ವಿ, ಈಗ ಅಲ್ಲಿ ಗೊಬ್ಬರದ ಚೀಲ, ಹಳೇ ಪೈಪು, ಮೋಟರ್‌ಸೈಕಲ್ಲು. ಆವಾಗ ನಂಗ ಹೊಳೀತು. ನನ್ನ ಮ್ಯಾಲೆ ಎತ್ತೋದು ಹೆಂಗ ಅಂತ ಎಲ್ಲಾರೂ ವಿಚಾರ ಮಾಡಾಕತ್ತಿದ್ವಿ, ನಾ ಯಾರ ಕೈ ಹಿಡೀದ ಇರೋ ಜಾಗ ಯಾವ್ದು ಅಂತ ಯಾರೂ ಕೇಳಿರ್ಲಿಲ್ಲ.

ಹಂಗಾಗಿ ಕೆಳಗಿನ ಅಂಕಣ ನನ್ನ ಕ್ವಾಣಿ ಆಗ್ತೈತಿ.

ಅವ್ವ ಅತ್ತಳು. ದನ ಕಟ್ಟಿದ ಜಾಗದಾಗ ಹಿರಿಮಗನ್ನ ಮಲಗಸ್ತೀರೇನು, ಊರ ಮಂದಿ ಏನಂದಾರು ಅಂದಳು. ನಾ ಅವ್ವಗ ಹೇಳಿದೆ, ಬೇ, ಕಾರಹುಣ್ಣಿವಿ ಎತ್ತಿನ ಹಬ್ಬಕ್ಕ ನೀನ ಆರತಿ ಎತ್ತಿದ ಜಾಗ ಅದು, ಈ ಮನಿ ಉಂಡಿದ್ದೆಲ್ಲ ಆ ಜಾಗದ ದುಡಿಮಿ, ಅಲ್ಲಿ ಮಲಗಾಕ ನಂಗ ಯಾವ ಅವಮಾನನೂ ಇಲ್ಲ ಅಂತ. ಮನಸ್ಸಿಂದ ಹೇಳಿದೆ ದೋಸ್ತ. ಆಕಿ ಸುಮ್ಮನಾದಳು, ಪೂರ್ತಿ ಒಪ್ಪ್ಯಾಳ ಅಂತ ಹೇಳಾಕ ಬರಂಗಿಲ್ಲ. ಆಕಿದು ಇನ್ನೊಂದು ಚಿಂತಿ ಹೊಸ್ತಲದ್ದು. ಹೊಸ್ತಲ ಒಳಗಿನ ನೆಲಕ್ಕಿಂತ ಆರು ಇಂಚ್ ಮ್ಯಾಲೆ ಐತಿ, ಕಡದು ಹಾಕೋಣ ಅಂದ್ರ ಲಕ್ಷ್ಮಿ ಅದು, ಅರಿಷಿಣ ಕುಂಕುಮ ಹಚ್ಚೋ ಕಟ್ಟಿಗಿ, ಕಡಿಯಾಕ ನಂಗೂ ಮನಸ್ಸಿಲ್ಲ. ಗೌಂಡಿ ಮಾಮ ಹೊಸ್ತಲ ಮುಟ್ಟಬ್ಯಾಡ, ನೆಲಾನ ಎತ್ತೋಣ ಅಂದ. ಗರಸು ತುಂಬಿ, ನೀರು ಹೊಡದು ಬಡದು ಧಮ್ಮಸ್ ಮಾಡಿ, ಮ್ಯಾಲೆ ಶಹಾಬಾದಿ ಫರ್ಸಿ ಕಲ್ಲು ಹಾಕಿ ಎಲ್ಲಾ ಸೇರಿ ಆರು ಇಂಚ್ ಮಾಡಿದ್ರ ನೆಲ ಹೊಸ್ತಲದ ಸಮಕ್ಕ ಬರ್ತೈತಿ, ಗಾಲಿ ಎಡವಂಗಿಲ್ಲ.  ರಸ್ತೆಯಿಂದ ಹೊಸ್ತಲಕ್ಕ ಹತ್ತು ಇಂಚ್, ಹತ್ತು ಫೂಟ್ ಇಳಿಜಾರು ಸಾಕು, ಮುಂದಿನ ಕಟ್ಟಿ ಅರ್ಧ ತಗದು ಗ್ವಾಡಿ ಗುಂಟ ಹಾಕಿದ್ರ ರಸ್ತೆಗೂ ಅಡ್ಡ ಆಗಂಗಿಲ್ಲ. ಎರಿ ಮಣ್ಣು, ಅಂದ್ರ ಕಪ್ಪು ಮಣ್ಣಿನ ಮ್ಯಾಲೆ ಬರೀ ಕಾಂಕ್ರೀಟ್ ಹಾಕಿದ್ರ ಮಳಿಗಾಲಕ್ಕ ಉಬ್ಬಿ ಬ್ಯಾಸಿಗಿಗೆ ಬಿರಿದು ಒಡದು ಹೋಗ್ತೈತಿ, ಅದಕ್ಕ ಅಲ್ಲೂ ಎರಿ ತಗದು ಗರಸು ತುಂಬಬೇಕು.

ಈಗ ಕೇಳು, ನಂಗ ಭಾಳ ಖುಷಿ ಆಗಿದ್ದು ಇದಕ್ಕ. 26 ಇಂಚಿನ ಪಡಸಾಲಿ, ಕೆಳಗ ಆರು ಇಂಚ್ ತುಂಬಿದಮ್ಯಾಲೆ ಉಳಿಯೋದು 20 ಇಂಚ್. ನನ್ನ ಗಾಲಿಕುರ್ಚಿ ಸೀಟಿನ ಎತ್ತರನೂ ಹತ್ತಿರತ್ತಿರ ಅಷ್ಟ. ಕುರ್ಚಿ ಪಡಸಾಲಿ ಅಂಚಿಗೆ ಹಚ್ಚಿ, ಬ್ರೇಕ್ ಹಾಕಿ, ಕೈಪಟ್ಟಿ ತಗದು, ಒಂದು ನುಣ್ಣನೆ ಹಲಗಿ ಇಟ್ಟು ಸರಕೊಂಡ್ರ ಪಡಸಾಲ್ಯಾಗ ಕುಂತಿರ್ತೀನಿ, ಊಟಕ್ಕ ಎಲ್ಲಾರ ಪಂಕ್ತ್ಯಾಗ! ಎತ್ತೋದು ಇಲ್ಲ, ಏರೋದು ಇಲ್ಲ. ಮಂಚದ ಕಾಲಿಗೂ ಕಟ್ಟಿಗಿ ಕೊಟ್ಟು ಅದ 20 ಇಂಚಿಗೆ ತರ್ತೀವಿ. ನೀ ಯಾವ ಮನಿ ನೋಡಿದ್ರೂ ಮೊದಲು ನಿನ್ನ ಸೀಟಿನ ಎತ್ತರ ಅಳದು ಬರದಿಟ್ಕೋ, ಭುಜ ಉಳಿಯೋದು ಅದರಿಂದನ.

ಪಾಯಖಾನಿ ವಿಚಾರ ಎಲ್ಲಾದಕ್ಕಿಂತ ದೊಡ್ಡದು, ಬಿಡಿಸಿ ಬರೀತೀನಿ ಯಾಕಂದ್ರ ಇದನ್ನ ಯಾರೂ ಬಾಯಿಬಿಟ್ಟು ಹೇಳಂಗಿಲ್ಲ. ಸ್ವಚ್ಛ ಭಾರತದಾಗ 12,000 ರೂಪಾಯಿ ಬಂದಾಗ ಕಟ್ಟಿಸಿದ್ದು ಹಿತ್ತಲದ ಆ ತುದೀಗೆ ಐತಿ, ಕೆಳಗ ಕೂಡೋ ಬೇಸಿನ್, ಎರಡು ಫೂಟ್ ಬಾಗಲ. ನೀರು ಕುಡದ್ರ ಹೋಗಬೇಕಾಗ್ತೈತಿ ಅಂತ ನಾ ಬ್ಯಾಸಿಗ್ಯಾಗೂ ನೀರು ಕಡಿಮಿ ಕುಡೀತಿದ್ದೆ, ನೀನೂ ಹಂಗ ಮಾಡ್ತಿ ಅಂತ ನಂಗ ಗೊತ್ತೈತಿ, ಬಸ್ಸಿನ್ಯಾಗ ಊರಿಗೆ ಹೋಗುವಾಗ ಇಬ್ಬರೂ ಬಾಯಿ ಕಟ್ಟಿ ಕೂಡ್ತಿದ್ವಲ್ಲ. ಅದಕ್ಕ ಗ್ವಾದ್ಲಿ ಇದ್ದ ಮೂಲ್ಯಾಗ ಐದು ಫೂಟ್ ಏಳು ಫೂಟ್ ಪಾಯಖಾನಿ ಬಚ್ಚಲ ಎರಡೂ ಕೂಡಿಸಿ ಮಾಡಸ್ತೀನಿ. ಕುರ್ಚಿ ಒಂದು ಸುತ್ತು ತಿರುಗಾಕ ಐದು ಫೂಟ್ ಜಾಗ ಬೇಕು. ಬಾಗಲ ಮೂರು ಫೂಟ್, ಹೊರಗಡಿ ತೆರಿಯೋಹಂಗ, ಒಳಗ ಬಿದ್ರ ಬಾಗಲಿಗೆ ಅಡ್ಡ ಬಿದ್ದು ಯಾರೂ ಒಳಗ ಬರದಂಗ ಆಗಬಾರ್ದು. ಕಮೋಡ್ ಅಂಗಡ್ಯಾಗ ಸಿಗೋದು ಹದಿನಾರು ಇಂಚ್ ಸುಮಾರು, ಕೆಳಗ ನಾಕು ಇಂಚ್ ಕಟ್ಟಿ ಕಟ್ಟಿ ಕೂಡ್ರಿಸಿದ್ರ ಅದೂ 20. ನೆಲಕ್ಕ ನುಣುಪು ಟೈಲ್ಸ್ ಬ್ಯಾಡ, ಖರಖರ ಇರೋದು ಬೇಕು.

ಹಿಡಿಕಿ ಪೈಪು ಗ್ವಾಡಿಗೆ ಬೋಲ್ಟ್ ಹಾಕೋದು ನಮ್ಮ ಮನ್ಯಾಗ ಆಗಂಗಿಲ್ಲ. ಮಣ್ಣಿನ ಗಾರೆ ಕಲ್ಲಿನ ಗ್ವಾಡಿ, ಬೋಲ್ಟ್ ಹಿಡಿಯಂಗಿಲ್ಲ, ಮೈಭಾರ ಬಿದ್ದ ದಿನ ಮಣ್ಣು ಸಮೇತ ಕಿತ್ತು ಬರ್ತೈತಿ. ಸ್ಟೀಲ್ ಪೈಪು ನೆಲದಾಗ ಕಾಂಕ್ರೀಟಿಗೆ ಹುಗದು ನಿಂದರಸ್ತೀವಿ. ಹಳೇ ಮನಿ ಇರೋರು ಇದನ್ನ ಮರೀಬಾರ್ದು. ಗುಂಡಿ ಎರಡು, ಒಂದು ತುಂಬಿದ್ರ ಇನ್ನೊಂದಕ್ಕ ತಿರುಗ್ಸೋದು, ಎರಿ ನೆಲ ನೀರು ಬೇಗ ಕುಡಿಯಂಗಿಲ್ಲ ಅದಕ್ಕ ಗುಂಡಿ ಸುತ್ತ ಉಸುಕು ತುಂಬಸ್ತೀವಿ.

ಉಳದದ್ದು ಸಣ್ಣಪುಟ್ಟ. ಲೈಟಿನ ಸ್ವಿಚ್ ಐದು ಫೂಟಿಂದ ಮೂರೂವರಿಗೆ ಇಳಸ್ತೀವಿ. ಕಿಡಕಿ ಕೆಳಗ ಒಂದು ಕಡಪ ಕಲ್ಲಿನ ಕಟ್ಟಿ, 30 ಇಂಚ್ ಎತ್ತರ, ಕೆಳಗ ಖಾಲಿ, ಮೊಣಕಾಲು ಒಳಗ ಹೋಗೋಹಂಗ, ಅದರ ಮ್ಯಾಲೆ ಒಂದು ಬರ್ನರ್ ಒಲಿ. ಚಾ ನಾನ ಮಾಡ್ಕೊಬೇಕು ದೋಸ್ತ. ನಮ್ಮಾಕಿ ನಾ ಮಾಡಿಕೊಡ್ತೀನಲ್ಲ ಅಂದಳು, ಗ್ರಂಥಾಲಯದಿಂದ ಬಂದು ಕೈಯಾರೆ ಚಾ ಕಾಯಿಸಿ ನಿಂಗೂ ಒಂದು ಕಪ್ ಕೊಡೋ ಆಸೆ ನಂಗೈತಿ ಅಂದೆ, ನಕ್ಕಳು. ಚಿಂತಿ ಇರೋದು ಚಳಿಗಾಲದ್ದು, ಫರ್ಸಿ ಡಿಸೆಂಬರ್‌ದಾಗ ತಣ್ಣಗ ಕೊರಿತೈತಿ, ನಮ್ಮ ಪೋಲಿಯೋ ಕಾಲು ಮೊದಲ ತಣ್ಣಗ ಇರ್ತಾವ, ಜಮಖಾನ ಹಾಸಿದ್ರ ಗಾಲಿಗೆ ಸಿಗ್ತೈತಿ. ಮಂಚದ ಪಕ್ಕ ಅಷ್ಟ ಒಂದು ರಬ್ಬರ್ ಮ್ಯಾಟ್ ಹಾಕಿ ನೋಡ್ತೀನಿ, ಉಣ್ಣಿ ಸಾಕ್ಸ್ ಇದ್ದ ಇರ್ತಾವ.

ನೀ ಇರೋದು ಬಾಡಿಗಿ ಮನಿ, ಗ್ವಾಡಿ ಒಡಿಯಾಕ ಮಾಲಕರು ಬಿಡಂಗಿಲ್ಲ, ಆದ್ರ ಮಂಚ, ಕಮೋಡಿನ ಎತ್ತರ, ಬಚ್ಚಲದ ಬಾಗಲ ತಿರುಗ್ಸೋದು, ಇಷ್ಟಕ್ಕ ಕೇಳಿದ್ರ ಒಪ್ಪಬಹುದು, ಕೇಳು. ಮನಿ ಬದಲಿ ಮಾಡೋದಾದ್ರ ಟೇಪ್ ಹಿಡಕೊಂಡು ಹೋಗು, ಗ್ರೌಂಡ್ ಫ್ಲೋರ್ ಅಂತ ಹೇಳಿ ಮುಂದ ನಾಕು ಮೆಟ್ಲ ಇಟ್ಟಿರ್ತಾರ.

ಸುಗ್ಗಿ ಮುಗಿದ ಮ್ಯಾಲೆ ಗೌಂಡಿ ಮಾಮ ಕೆಲಸ ಹಿಡೀತಾನ. ಒಂದ ಗೊಂದಲ ಉಳದೈತಿ, ನನ್ನ ಎಡಗೈ ಗಟ್ಟಿ, ಬಲಭುಜ ಹೋಗೈತಿ, ಕುರ್ಚಿಯಿಂದ ಕಮೋಡಿಗೆ ಸರಕೊಳ್ಳುವಾಗ ಪೈಪು ಯಾವ ಬಾಜೂಕ ಇರಬೇಕು, ಮಡಚೋಹಂಗ ಇರಬೇಕೋ ಗಟ್ಟಿ ನಿಂತಿರಬೇಕೋ ತಿಳೀವಲ್ದು. ನೀ ಕಮೋಡ್ ಬಳಸ್ತಾ ಭಾಳ ವರ್ಷ ಆತು, ನಿಂಗ ಯಾವ ಕಡಿ ಹಗುರ ಆಗ್ತೈತಿ ಅಂತ ನೋಡಿ ಈ ವಾರದಾಗ ಬರಿ, ಪೈಪು ಹುಗದಮ್ಯಾಲೆ ಕಿತ್ತಾಕ ಬರಂಗಿಲ್ಲ.

ನಿನ್ನ ದೋಸ್ತ