ಕ್ಯಾಮೆರಾ ಪಕ್ಕ ನಿಂತು ಓದಿಕೊಟ್ಟವರಿಗೆ

ಹೋದ ವಾರ ಸಹಿ ಆಯ್ತು. ಇಲ್ಲಿ ಅಮೆರಿಕದ ಒಂದು ಟಿವಿ ಧಾರಾವಾಹಿಯಲ್ಲಿ ನನಗೆ ರಿಕರಿಂಗ್ ಪಾತ್ರ ಸಿಕ್ಕಿದೆ. ಅಂದರೆ ಒಂದು ಕಂತಿಗೆ ಮುಖ ತೋರಿಸಿ ಮಾಯವಾಗುವುದಿಲ್ಲ, ಆಗಾಗ ಬರುತ್ತಿರುತ್ತೇನೆ. ಧಾರಾವಾಹಿಯ ಹೆಸರು ಈಗಲೇ ಹೇಳುವ ಹಾಗಿಲ್ಲ. ಪಾತ್ರ ಇಲ್ಲಿ ನಮ್ಮಂಥ ಭಾರತೀಯರಿಗೆ ಸಾಮಾನ್ಯವಾಗಿ ಕೊಡುವ ಡಾಕ್ಟರ್ ಅಲ್ಲ, ಕಂಪ್ಯೂಟರ್ ಹುಡುಗನೂ ಅಲ್ಲ. ಸಾಲ ಕೊಟ್ಟವರಿಂದ ತಪ್ಪಿಸಿಕೊಂಡು ಓಡಾಡುವ ಒಬ್ಬ ವಕೀಲ. ನನಗೆ ಜಾಸ್ತಿ ಖುಷಿಯಾಗಿದ್ದು ಅದಕ್ಕೇ.

ಲಾಸ್ ಏಂಜಲಿಸ್‌ನಲ್ಲಿ ಈಗ ಆಡಿಷನ್ ಹೆಚ್ಚಾಗಿ ಮನೆಯಲ್ಲೇ ನಡೆಯುತ್ತದೆ. ನಟರನ್ನು ಆರಿಸುವವರು ಸೀನ್ ಕಳಿಸುತ್ತಾರೆ, ನಾವು ರೆಕಾರ್ಡ್ ಮಾಡಿ ಕಳಿಸಬೇಕು. ಇದಕ್ಕೆ ಸೆಲ್ಫ್ ಟೇಪ್ ಅನ್ನುತ್ತಾರೆ. ಫ್ರೇಮಿನಲ್ಲಿ ನಾನೊಬ್ಬನೇ. ಎದುರು ಪಾತ್ರದ ಮಾತನ್ನು ಯಾರಾದರೂ ಕ್ಯಾಮೆರಾ ಪಕ್ಕ ನಿಂತು ಓದಬೇಕು. ಅವರ ಮುಖ ಕಾಣುವುದಿಲ್ಲ, ದುಡ್ಡಂತೂ ಸಿಗುವುದೇ ಇಲ್ಲ. ರಾತ್ರಿ ಸೀನ್ ಬಂದು ಬೆಳಿಗ್ಗೆಯೇ ಬೇಕು ಅಂದಾಗ ನಿದ್ದೆಗಣ್ಣಲ್ಲಿ ಎದ್ದು ಬಂದು ಓದಿದವರಿದ್ದಾರೆ. ಈ ಬರಹ ಅವರಿಗೆ.

ಮೊದಲ ನಮಸ್ಕಾರ ನಮ್ಮ ಅತ್ತೆಯವರಿಗೆ. ಹಾಸನದಲ್ಲಿ ಹೈಸ್ಕೂಲ್ ಇಂಗ್ಲಿಷ್ ಮೇಡಂ ಆಗಿ ರಿಟೈರ್ ಆದವರು. ಮಗಳ ಬಾಣಂತನಕ್ಕೆ ಅಂತ ಬಂದವರು ಕೊಲೆ ಕೇಸಿನ ಪೊಲೀಸ್ ಅಧಿಕಾರಿ ಆಗಬೇಕಾಯ್ತು. ಮಗು ಮಲಗಿದ ಮೇಲೆ ಕನ್ನಡಕ ಏರಿಸಿಕೊಂಡು ಬರುತ್ತಿದ್ದರು. "ನೋಡಿ, ಈ ವಾಕ್ಯಕ್ಕೆ ವರ್ಬೇ ಇಲ್ಲ" ಅಂತ ಪೆನ್ಸಿಲ್‌ನಲ್ಲಿ ಸ್ಕ್ರಿಪ್ಟ್ ತಿದ್ದುತ್ತಿದ್ದರು. ಬೈಗುಳ ಬಂದ ಕಡೆಯೆಲ್ಲ ಗಂಭೀರವಾಗಿ "ಡ್ಯಾಶ್" ಅಂತ ಓದುತ್ತಿದ್ದರು. "ಎಲ್ಲಿ ಬಚ್ಚಿಟ್ಟೆಯೋ ಡ್ಯಾಶ್, ಹೇಳು!" ಅಂತ ಅವರು ಗದರಿದರೆ ನಾನು ಅಳಬೇಕು. ನಗು ತಡೆದುಕೊಂಡು ಅಳುವುದು ಯಾವ ನಟನಾ ಶಾಲೆಯಲ್ಲೂ ಹೇಳಿಕೊಡುವುದಿಲ್ಲ, ಬಿಡಿ.

2023ರಲ್ಲಿ ಇಲ್ಲಿನ ನಟರ ಸಂಘ ಮುಷ್ಕರ ಹೂಡಿತು. ಜುಲೈಯಿಂದ ನವೆಂಬರ್‌ವರೆಗೆ, 118 ದಿನ. ಅದಕ್ಕೂ ಮುಂಚೆ, ಮೇ ತಿಂಗಳಿಂದಲೇ ಬರಹಗಾರರು ಕೆಲಸ ನಿಲ್ಲಿಸಿದ್ದರು. ಮುಷ್ಕರ ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಸಂಘದ ಆರೋಗ್ಯ ವಿಮೆ ಸಿಗಬೇಕಾದರೆ ಆಗ ಸಾಮಾನ್ಯವಾಗಿ ನಟನೆಯಿಂದಲೇ ವರ್ಷಕ್ಕೆ 26 ಸಾವಿರ ಡಾಲರ್‌ಗಿಂತ ಜಾಸ್ತಿ ದುಡಿದಿರಬೇಕಿತ್ತು. ಹೆಚ್ಚಿನ ಸದಸ್ಯರು ಆ ಗೆರೆ ಮುಟ್ಟುತ್ತಲೇ ಇರಲಿಲ್ಲ. ಹಳೆಯ ಕಂತು ಮತ್ತೆ ಪ್ರಸಾರವಾದರೆ ರೆಸಿಡ್ಯುಯಲ್ ಚೆಕ್ ಬರುತ್ತದೆ. ನನಗೆ ಬಂದ ಒಂದು ಚೆಕ್‌ಗಿಂತ ಲಕೋಟೆಯ ಅಂಚೆ ಖರ್ಚೇ ಜಾಸ್ತಿ ಇತ್ತು! ಆ ದಿನಗಳಲ್ಲಿ ಕನ್ನಡದ ಗೆಳೆಯರೊಬ್ಬರು ತಮ್ಮ ಗೋಡೌನ್‌ನಲ್ಲಿ ಸ್ಟಾಕ್ ಲೆಕ್ಕ ಬರೆಯುವ ಕೆಲಸ ಕೊಟ್ಟರು. ಮುಷ್ಕರ ಮುಗಿದ ಮೇಲೂ ಬಿಡಿಸಲಿಲ್ಲ. "ಆಡಿಷನ್ ಬಂದ್ರೆ ಕೇಳ್ಬೇಡ, ಸುಮ್ನೆ ಹೋಗು" ಅಂದರು. ಅಣ್ಣಾ, ಆ ಮಾತಿಗೆ ಏನು ಕೊಟ್ಟರೂ ಕಡಿಮೆಯೇ.

ಪರಿಚಯವೇ ಇಲ್ಲದವರಿಗೂ ಒಂದು ನಮಸ್ಕಾರ ಬಾಕಿ ಇದೆ. 1965ರಲ್ಲಿ ಮಾಕೊ, ಜೇಮ್ಸ್ ಹಾಂಗ್ ಮುಂತಾದ ನಟರು ಸೇರಿ ಇಲ್ಲಿ ಈಸ್ಟ್ ವೆಸ್ಟ್ ಪ್ಲೇಯರ್ಸ್ ರಂಗತಂಡ ಕಟ್ಟಿದರು. ಏಷ್ಯನ್-ಅಮೆರಿಕನ್ ನಟರಿಗೆ ಟಿವಿಯಲ್ಲಿ ಅಡುಗೆಯವನದ್ದೋ ಖಳನದ್ದೋ ಪಾತ್ರ ಬಿಟ್ಟರೆ ಬೇರೆ ಸಿಗುವುದೇ ಕಷ್ಟವಾಗಿದ್ದ ಕಾಲ. 1994ರಲ್ಲಿ ಹಾಸ್ಯನಟಿ ಮಾರ್ಗರೆಟ್ ಚೋ ಅವರ, ಏಷ್ಯನ್-ಅಮೆರಿಕನ್ ಕುಟುಂಬವೊಂದರ ಧಾರಾವಾಹಿ ಒಂದೇ ಸೀಸನ್‌ಗೆ ನಿಂತಿತು. ಅಂಥದೇ ಒಂದು ಕುಟುಂಬದ ಹಾಸ್ಯ ಧಾರಾವಾಹಿ ಮತ್ತೆ ದೊಡ್ಡ ಚಾನೆಲ್‌ಗೆ ಬರಲು 2015 ಆಗಬೇಕಾಯ್ತು. ಹಾಂಗ್ ಅವರನ್ನೇ ನೋಡಿ. 1991ರಲ್ಲಿ ಸೈನ್‌ಫೆಲ್ಡ್ ಅನ್ನುವ ಹಾಸ್ಯ ಧಾರಾವಾಹಿಯ ಒಂದು ಕಂತಿನಲ್ಲಿ ಚೈನೀಸ್ ಹೋಟೆಲಿನ ಮೇಲ್ವಿಚಾರಕ. ಗಿರಾಕಿಗಳನ್ನು ಕಾಯಿಸುವುದೇ ಕೆಲಸ. ಜನ ಇವತ್ತಿಗೂ ಅದನ್ನು ನೆನೆಸಿಕೊಂಡು ನಗುತ್ತಾರೆ. ಸಣ್ಣ ಪಾತ್ರ ಅಂತ ಅವರು ಎಲ್ಲೂ ಕೈ ಸಡಿಲ ಬಿಟ್ಟಿಲ್ಲ. ಹೆಸರಾಂತ ಕಲಾವಿದರ ಹೆಸರು ಬರೆದು ಹಾಲಿವುಡ್ ಫುಟ್‌ಪಾತಿನಲ್ಲಿ ಹಾಕುವ ನಕ್ಷತ್ರ ಅವರಿಗೆ ಸಿಕ್ಕಿದ್ದು 2022ರಲ್ಲಿ, 93ನೇ ವಯಸ್ಸಿಗೆ. ಅದಕ್ಕೆ ಕಟ್ಟಬೇಕಾದ ದುಡ್ಡನ್ನು ಜನರಿಂದ ಎತ್ತಲು ಮುಂದೆ ನಿಂತವರು ಇನ್ನೊಬ್ಬ ನಟ, ಡ್ಯಾನಿಯಲ್ ಡೇ ಕಿಮ್. ನನಗೆ ಆ ನಕ್ಷತ್ರಕ್ಕಿಂತ ಈ ಚಂದಾ ಎತ್ತಿದ ಕತೆಯೇ ಇಷ್ಟ.

ಇನ್ನು ಹೆಂಡತಿ. "ನನ್ನ ಬಗ್ಗೆ ಎರಡೇ ಸಾಲು ಬರಿ, ಫೋಟೋ ಹಾಕ್ಬೇಡ" ಅಂದಿದ್ದಾಳೆ. ನಮ್ಮ ಮನೆಯ ಇನ್ಶೂರೆನ್ಸ್ ಅವಳ ಕೆಲಸದ್ದು. ಪಾತ್ರ ಕೈತಪ್ಪಿದ ದಿನಗಳಲ್ಲಿ ಏನೂ ಕೇಳದೆ ತಟ್ಟೆ ಹಾಕಿ ಊಟಕ್ಕೆ ಕರೆದವಳು. ಆಗಲೇ ಸಾಲು ಜಾಸ್ತಿ ಆಯ್ತು, ಬೈಯುತ್ತಾಳೆ.