ತಾಳೆಗರಿಯಿಂದ ಹಣ್ಣಿನ ನೊಣದವರೆಗೆ

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯ ಅಂದ ಕೂಡಲೇ ಪರೀಕ್ಷೆ, ಫಲಿತಾಂಶ, ಘಟಿಕೋತ್ಸವದ ಸುದ್ದಿಯೇ ಜಾಸ್ತಿ. ಅಲ್ಲಿ ನಡೆಯುವ ಸಂಶೋಧನೆಯ ಮಾತು ಅಪರೂಪ. 1916ರಲ್ಲಿ ಶುರುವಾದ ನಮ್ಮ ಮೈಸೂರು ವಿಶ್ವವಿದ್ಯಾಲಯವನ್ನೇ ನೋಡಿ.

ಅದರ ಪ್ರಾಚ್ಯವಿದ್ಯಾ ಸಂಶೋಧನಾಲಯ ವಿಶ್ವವಿದ್ಯಾಲಯಕ್ಕಿಂತಲೂ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಅಲ್ಲಿನ ಸಂಗ್ರಹದಲ್ಲೇ. 1909ರಲ್ಲಿ ಅದು ಅಚ್ಚಾಯಿತು. ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥಲಿಪಿಯ ಗರಿಗಳನ್ನು ಒಂದೊಂದಾಗಿ ಓದುತ್ತಾ ಕೂತ ಆ ತಾಳ್ಮೆಯನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಅತ್ತ ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ದಶಕಗಳಿಂದ ಡ್ರೊಸೊಫಿಲಾ ನೊಣ ಸಾಕುತ್ತಾರೆ. ಕೊಳೆತ ಬಾಳೆಹಣ್ಣಿನ ಮೇಲೆ ಹಾರಾಡುತ್ತವಲ್ಲ, ಅದೇ ಜಾತಿ! ನೊಣದ ಮೇಲೆ ಯಾಕಿಷ್ಟು ಶ್ರಮ ಅಂತ ಕೇಳುವವರಿದ್ದಾರೆ. ಹತ್ತು–ಹನ್ನೆರಡು ದಿನಗಳಲ್ಲೇ ಅದರ ಹೊಸ ತಲೆಮಾರು ಬರುತ್ತದೆ. ಜೀನ್‌ಗಳನ್ನು ಹೊತ್ತ ವರ್ಣತಂತುಗಳು ನಾಲ್ಕೇ ಜೊತೆ, ಹಾಗಾಗಿ ಅಧ್ಯಯನ ಸುಲಭ. ನಮ್ಮ ಎಷ್ಟೋ ಕಾಯಿಲೆಗಳ ಜೀನ್‌ಗಳಿಗೆ ಹೋಲುವ ಜೀನ್‌ಗಳು ಅದರಲ್ಲೂ ಇವೆ. ಸುಮ್ನೆ ಸಾಕುವುದಲ್ಲ ಅಲ್ವಾ?

ಅದೇ ಆವರಣದ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ತೊಗಲುಗೊಂಬೆ, ಹಳ್ಳಿಯ ಕಸುಬಿನ ಸಾಮಾನು ಎಲ್ಲವೂ ಅಲ್ಲಿ ಅಧ್ಯಯನದ ವಸ್ತು.

ನನ್ನ ಕೋರಿಕೆ ಇಷ್ಟೇ. ವರ್ಷಕ್ಕೊಮ್ಮೆಯಾದರೂ ಪ್ರಯೋಗಾಲಯಗಳನ್ನು ಶಾಲೆ ಮಕ್ಕಳಿಗೆ, ಊರಿನವರಿಗೆ ತೆರೆದಿಡಲಿ. ಸಂಶೋಧಕರೇ ನಿಂತು ತಮ್ಮ ಕೆಲಸವನ್ನು ಕನ್ನಡದಲ್ಲಿ ವಿವರಿಸಲಿ. ನಿಮ್ಮ ಪತ್ರಿಕೆಯೂ ವಾರಕ್ಕೊಂದು ಸಂಶೋಧನೆಯನ್ನು ಪರಿಚಯಿಸಿದರೆ ನನ್ನಂಥ ಓದುಗರು ಕಾದು ಓದುತ್ತೇವೆ.

– ಓರ್ವ ಓದುಗ, ಮೈಸೂರು