ಗೋಬಿಗೆ ಬ್ಯಾಡಗಿಯೇ ಸಾಕು

ಮಾನ್ಯರೇ,

ಗೋಬಿ ಮಂಚೂರಿಗೆ ಕೃತಕ ಬಣ್ಣ ಕೂಡದೆಂದು ಸರ್ಕಾರ 2024ರ ಮಾರ್ಚ್‌ನಲ್ಲೇ ಹೇಳಿದೆ. ಆಗ ಪರೀಕ್ಷೆಗೆ ಹೋದ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಬಂದಿದ್ದವು. ಆದರೂ ಸಂಜೆಯಾದರೆ ಕೋಲಾರದ ಕೆಲವು ಗಾಡಿಗಳಲ್ಲಿ ಅದೇ ಕೇಸರಿಗೆಂಪು. ಕೇಳಿದರೆ, ‘ಚೈನೀಸ್ ಅಂದ್ರೆ ಹಂಗೇ ಸಾರ್’ ಅನ್ನುತ್ತಾರೆ.

ಪಾಪ, ಚೀನಾದಿಂದ ಬಂದು ಇಲ್ಲಿ ಬೇರೂರಿದವರ ಮೇಲೇಕೆ ಈ ಅಪವಾದ? ಕೋಲ್ಕತ್ತದಲ್ಲಿ ನೆಲೆಸಿದ ಹಕ್ಕಾ ಎಂಬ ಚೀನೀ ಸಮುದಾಯದ ಕುಟುಂಬಗಳು ಬೇರೆಯವರು ಮುಟ್ಟಲು ಹಿಂಜರಿಯುತ್ತಿದ್ದ ಚರ್ಮ ಹದ ಮಾಡುವ ಕೆಲಸ ಹಿಡಿದವು. 1962ರ ಯುದ್ಧದ ವೇಳೆ ಚೀನೀ ಮೂಲದ ಸಾವಿರಾರು ಮಂದಿಯನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಲಾಯಿತು; ಆಮೇಲೆ ಅನೇಕರು ದೇಶವನ್ನೇ ಬಿಟ್ಟರು. ಉಳಿದವರಲ್ಲಿ ಹಲವರಿಗೆ ಹೋಟೆಲು ಅನ್ನ ಕೊಟ್ಟಿತು. ಕೋಲ್ಕತ್ತದ ಟಾಂಗ್ರಾದಲ್ಲಿ ಅವರೇ ನಡೆಸುವ ಕಾಳಿ ಗುಡಿಯಿದೆ, ನೂಡಲ್ಸ್ ನೈವೇದ್ಯ! ಅಡುಗೆಗೆ ಸೋಯಾ ಸಾಸ್ ತಮ್ಮದು; ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಇಲ್ಲಿನ ಸಂತೆಯದು. ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯಲ್ಲಿ ಮಾಡಿದ ಚಿಕನ್ ಮಂಚೂರಿಯೂ ಇದೇ ಹೊಂದಾಣಿಕೆಯ ಫಲ. ಡಬ್ಬಿಯ ಬಣ್ಣಕ್ಕೆ ಇದರಲ್ಲಿ ಪಾಲಿಲ್ಲ.

ಬೆಳಿಗ್ಗೆ ಅರೆಬೇಯಿಸಿಟ್ಟ ಗೋಬಿಯನ್ನು ಸಂಜೆ ಕರಿದ ಎಣ್ಣೆಗೇ ಮತ್ತೆ ಬಿಡುವುದರಿಂದ ಮೆಣಸಿನ ಕೆಂಪು ಕಂದುತ್ತದೆ, ಅದಕ್ಕೇ ಬಣ್ಣದ ಮೊರೆ. ಹಾಗಾಗದಿರಲು ಒಂದು ಕೆಜಿ ಗೋಬಿಗೆ ಹದಿನೈದು ಬ್ಯಾಡಗಿ ಮೆಣಸಿನಕಾಯಿಯನ್ನು ಬೀಜ ತೆಗೆದು, ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ರುಬ್ಬಬೇಕು. ರುಬ್ಬಿದ್ದರಲ್ಲಿ ಅರ್ಧ ಹಿಟ್ಟಿಗೆ, ಉಳಿದರ್ಧ ಮಸಾಲೆಗೆ. ಮಸಾಲೆಯದನ್ನು ಸಣ್ಣ ಉರಿಯಲ್ಲಿ ಎಣ್ಣೆಯಲ್ಲೇ ಬಾಡಿಸಬೇಕು. ಬ್ಯಾಡಗಿಯ ಕೆಂಪು ಬಿಡುವುದು ಎಣ್ಣೆಗೆ, ನೀರಿಗಲ್ಲ. ಹಿಟ್ಟಿಗೆ ಮೈದಾ 150 ಗ್ರಾಂ, ಕಾರ್ನ್‌ಫ್ಲೋರ್ 100 ಗ್ರಾಂ, ಬಜ್ಜಿ ಹಿಟ್ಟಿಗಿಂತ ತುಸು ಗಟ್ಟಿ. ಉಪ್ಪು, ಅರಿಶಿನದ ಬಿಸಿನೀರಲ್ಲಿ ಮೂರು ನಿಮಿಷ ಅದ್ದಿದ ಹೂವನ್ನು ಬಟ್ಟೆಯ ಮೇಲೆ ಚೆನ್ನಾಗಿ ಆರಿಸದಿದ್ದರೆ ಹಿಟ್ಟು ಜಾರುತ್ತದೆ, ಎಣ್ಣೆ ಸಿಡಿಯುತ್ತದೆ. ಬಾಣಲೆ ತುಂಬ ಸುರಿದರೆ ಎಣ್ಣೆ ತಣ್ಣಗಾಗಿ ಗೋಬಿ ಎಣ್ಣೆ ಕುಡಿಯುತ್ತದೆ. ಎರಡನೇ ಬಾರಿ ಕರಿಯುವಾಗ ಜೋರು ಉರಿಯಲ್ಲಿ ಒಂದೇ ನಿಮಿಷ ಸಾಕು. ಸೋಯಾ ಸಾಸ್ ಎರಡೇ ಚಮಚ, ಹೆಚ್ಚಾದರೆ ಕೆಂಪೆಲ್ಲ ಕಪ್ಪು. ಅದರಲ್ಲೇ ಉಪ್ಪಿರುವುದರಿಂದ ಉಪ್ಪು ಕೊನೆಗೆ ನೋಡಿ ಹಾಕಬೇಕು. ವಿನೆಗರ್ ಒಲೆ ಆರಿಸಿದ ಮೇಲೆ.

ಇದು ಕಣ್ಣು ಕುಕ್ಕುವ ಕೆಂಪಾಗುವುದಿಲ್ಲ, ಇಟ್ಟಿಗೆಗೆಂಪು. ಗಿರಾಕಿ ಅದಕ್ಕೆ ಒಗ್ಗಬೇಕು. ನಗರಸಭೆ ಮತ್ತು ಆಹಾರ ಸುರಕ್ಷತಾ ಅಧಿಕಾರಿಗಳು ಬರೀ ದಂಡ ಹಾಕಿ ಹೋಗುವ ಬದಲು, ಒಂದು ಸಂಜೆ ಗಾಡಿಯವರನ್ನೆಲ್ಲ ಕರೆದು ಇದನ್ನು ಒಲೆ ಹಚ್ಚಿ ಮಾಡಿ ತೋರಿಸಲಿ.

— ಅಡುಗೆ ಗುತ್ತಿಗೆದಾರ, ಕೋಲಾರ